ವೈದ್ಯರ ಬೆರಳ ನಡುವಿನ ಸಿಗರೇಟು

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ನಿನ ಪುರುಷ ವೈದ್ಯರಲ್ಲಿ ಬಹುಪಾಲು ಮಂದಿ ಧೂಮಪಾನಿಗಳಾಗಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದವರ ಸಂಖ್ಯೆ 1922ರಲ್ಲಿ 612 ಇದ್ದದ್ದು 1947ರಲ್ಲಿ 9,287ಕ್ಕೇರಿದಾಗಲೂ ಅನುಮಾನ ಹೋದದ್ದು ಮೋಟಾರು ವಾಹನಗಳ ಹೊಗೆ ಮತ್ತು ರಸ್ತೆಯ ಡಾಂಬರಿನ ಕಡೆಗೆ. ಕಾರಣವನ್ನು ಶೋಧಿಸಲು ಹೊರಟ ವೈದ್ಯ ರಿಚರ್ಡ್ ಡಾಲ್ ಅವರ ಮೊದಲ ಊಹೆಯೂ ಅದೇ ಆಗಿತ್ತು. ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿದ ವಿವರಗಳು ಸಿಗರೇಟಿನತ್ತ ಬೊಟ್ಟುಮಾಡಿದಾಗ ಅವರು ತಾವೇ ಧೂಮಪಾನ ಬಿಟ್ಟರು.

ಆ ಅಧ್ಯಯನ 1950ರಲ್ಲಿ ಪ್ರಕಟವಾದರೂ, ಕಾಯಿಲೆ ಬಿದ್ದವರನ್ನು ಹಳೆಯ ಅಭ್ಯಾಸಗಳ ಬಗ್ಗೆ ಕೇಳಿ ಪಡೆದ ಉತ್ತರವನ್ನು ಎಷ್ಟು ನಂಬಬಹುದೆಂಬ ಆಕ್ಷೇಪ ಉಳಿದೇ ಇತ್ತು. ಆದ್ದರಿಂದ ಡಾಲ್ ಮತ್ತು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರ್ಯಾಡ್‌ಫೋರ್ಡ್ ಹಿಲ್ ಮುನ್ನೋಟದ ಅಧ್ಯಯನಕ್ಕೆ, ಅಂದರೆ ಜನರ ಅಭ್ಯಾಸವನ್ನು ಮೊದಲೇ ದಾಖಲಿಸಿಕೊಂಡು ಮುಂದೆ ಯಾರು ಯಾವ ರೋಗದಿಂದ ಸಾಯುತ್ತಾರೆಂದು ಕಾದು ನೋಡುವ ವಿಧಾನಕ್ಕೆ, ಕೈಹಾಕಿದರು. ಅದಕ್ಕೆ ಅವರು ವೈದ್ಯರನ್ನೇ ಆರಿಸಿಕೊಂಡದ್ದು ಜಾಣತನ: ವೃತ್ತಿ ನೋಂದಣಿಯಲ್ಲಿ ಎಲ್ಲರ ಹೆಸರು, ವಿಳಾಸ ಇರುತ್ತಿದ್ದುದರಿಂದ ಯಾರೂ ಸುಲಭವಾಗಿ ಕಣ್ತಪ್ಪಿ ಹೋಗುವಂತಿರಲಿಲ್ಲ. 1951ರ ಅಕ್ಟೋಬರಿನಲ್ಲಿ ಅಂಚೆಯಲ್ಲಿ ಹೋದ ಪ್ರಶ್ನಾವಳಿ ಬೇಕೆಂದೇ ಚಿಕ್ಕದಾಗಿತ್ತು. ಈಗ ಸೇದುತ್ತೀರೋ, ಸೇದಿ ಬಿಟ್ಟಿದ್ದೀರೋ, ಅಥವಾ ದಿನಕ್ಕೆ ಒಂದರಂತೆ ಒಂದು ವರ್ಷದ ಮಟ್ಟಿಗೂ ಸೇದಿದವರಲ್ಲವೋ ಎಂಬಷ್ಟನ್ನು ತಿಳಿಸಿ, ಸೇದುವವರು ಪ್ರಮಾಣವನ್ನೂ ಬರೆದರೆ ಬಹುಮಟ್ಟಿಗೆ ಮುಗಿಯಿತು. ನಲವತ್ತು ಸಾವಿರಕ್ಕೂ ಹೆಚ್ಚು ವೈದ್ಯರು ಉತ್ತರಿಸಿದರು.

1954ರ ಮೊದಲ ವರದಿಯಲ್ಲಿ, 35 ದಾಟಿದ ಪುರುಷ ವೈದ್ಯರ ಪೈಕಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತ 36 ಮಂದಿಯಲ್ಲಿ ಎಂದೂ ಸೇದದವರು ಒಬ್ಬರೂ ಇರಲಿಲ್ಲ. ರೋಗಿಗಳ ಅಂಕಿಅಂಶವನ್ನು ಪ್ರಶ್ನಿಸಬಹುದಿತ್ತು, ಸಹೋದ್ಯೋಗಿಗಳ ಮರಣಪತ್ರವನ್ನು ಹಾಗೆ ಪಕ್ಕಕ್ಕೆ ಸರಿಸುವುದು ಕಷ್ಟ. ವೈದ್ಯರು ಕ್ರಮೇಣ ಸಿಗರೇಟು ಬಿಡತೊಡಗಿದರು. ಸಾರ್ವಜನಿಕರಲ್ಲಿ ಆ ಕ್ಯಾನ್ಸರಿನ ಸಾವು ಏರುತ್ತಲೇ ಇದ್ದ ವರ್ಷಗಳಲ್ಲಿ ವೈದ್ಯರಲ್ಲಿ ಅದು ಇಳಿಯಿತು.

ವೃತ್ತಿಯೊಳಗಿನ ಈ ತಿಳಿವಳಿಕೆಯನ್ನು ಜನರೆದುರು ಇಡುವ ಕೆಲಸದಲ್ಲಿ ಮುಂದಾಳಾದವರು, ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶದಲ್ಲಿ ಧೂಳು ಸೇರಿ ಬರುವ ರೋಗವನ್ನು ಅಧ್ಯಯನ ಮಾಡಿದ್ದ ಎದೆರೋಗ ತಜ್ಞ ಚಾರ್ಲ್ಸ್ ಫ್ಲೆಚರ್. ಅವರು ಕಾರ್ಯದರ್ಶಿಯಾಗಿದ್ದ ಸಮಿತಿಯ ವರದಿಯನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 1962ರಲ್ಲಿ ಹೊರತಂದು, ತಂಬಾಕಿನ ಜಾಹೀರಾತಿಗೆ ಕಡಿವಾಣ ಹಾಕಬೇಕೆಂದು ಕೇಳಿತು.

ವೈದ್ಯರ ಅಧ್ಯಯನ 2001ರವರೆಗೆ ನಡೆಯಿತು. 2004ರಲ್ಲಿ ಬಂದ ಅದರ ಐವತ್ತು ವರ್ಷಗಳ ವರದಿಯ ಪ್ರಕಾರ, ಸೇದುತ್ತಲೇ ಇರುವವರು ಎಂದೂ ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲು ಸಾಯುತ್ತಾರೆ. 60ರ ವಯಸ್ಸಿನಲ್ಲಿ ಬಿಟ್ಟವರಿಗೂ ಸುಮಾರು 3 ವರ್ಷದ ಆಯಸ್ಸು ಮರಳಿ ಸಿಗುತ್ತದೆ.