ಮೊದಲ ಗಿಟಾರ್ ಕೊಳ್ಳುವ ಮುನ್ನ

ಭಾವಗೀತೆಗೆ ಜೊತೆಯಾಗಿ ಗಿಟಾರ್ ನುಡಿಸುವ ಹಂಬಲ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹೆಚ್ಚುತ್ತಿದೆ. ಧರ್ಮಪುರಿ ಕಡೆಯ ಒಬ್ಬ ಹುಡುಗ ರಜೆಯಲ್ಲಿ ದುಡಿದ ಹಣವನ್ನೆಲ್ಲ ಸುರಿದು, ಬಣ್ಣಕ್ಕೆ ಮರುಳಾಗಿ ಒಂದನ್ನು ತಂದ. ಬೆರಳು ನೊಂದು, ತಿಂಗಳೊಳಗೆ ಅದು ಅಟ್ಟ ಸೇರಿತು.

ತಂತಿಯ ಎತ್ತರವೇ ಅದರ ದೋಷ. ಉಕ್ಕಿನ ತಂತಿಯಾದರೆ 12ನೆಯ ಮೆಟ್ಟಿಲಿನ ಬಳಿ ಆ ಅಂತರ ಸುಮಾರು 3 ಮಿಲಿಮೀಟರ್ ಮೀರಬಾರದು. ತಂತಿಯ ಉದ್ದ ಅರ್ಧವಾಗುವ ಸ್ಥಾನವೂ ಅದೇ. ಅಲ್ಲಿ ಒತ್ತಿ ಮೀಟಿದರೆ ಬಿಡಿತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಕೇಳಬೇಕು. ಕೇಳದಿದ್ದರೆ ಆ ವಾದ್ಯವನ್ನು ಅಂಗಡಿಯಲ್ಲೇ ಬಿಡಿ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಸರಿಪಡಿಸಬಹುದು. ಗಿಟಾರಿನವು ಮರದಲ್ಲಿ ನೆಟ್ಟವು.

ನೈಲಾನ್ ತಂತಿ ಬೆರಳಿಗೆ ಮೃದು, ಗೀತೆಗೂ ಒಪ್ಪುತ್ತದೆ. ಆದರೆ ಅದರ ಕುತ್ತಿಗೆ ಅಗಲವಾದುದರಿಂದ ಸಣ್ಣ ಕೈಯವರಿಗೆ ತೊಡಕಾದೀತು. ಸೇಲಂನ ಬೇಸಿಗೆಯಲ್ಲಿ ತಗಡಿನ ಮಾಡಿನಡಿ ಇಟ್ಟರೆ ಅಂಟು ಸಡಿಲಿ ಕುದುರೆ ಏಳುತ್ತದೆ. (ಮರಾಠಿಯಲ್ಲಿ ಇದು ‘ಘೋಡೀ’, ಎರಡು ನುಡಿಗಳೂ ತಂತಿಯನ್ನು ಒಂದೇ ಪ್ರಾಣಿಯ ಬೆನ್ನಿಗೇರಿಸಿವೆ.)

ಆ ಹುಡುಗನ ಗಿಟಾರಿನ ಕುದುರೆಯಲ್ಲಿದ್ದ ಬಿಳಿ ಪಟ್ಟಿಯನ್ನು ಬಡಗಿಯೊಬ್ಬರು ಅಡಿಭಾಗದಲ್ಲಿ ಉಜ್ಜಿ ತಗ್ಗಿಸಿಕೊಟ್ಟರು. ಈಗ ನುಡಿಸುತ್ತಿದ್ದಾನೆ.