ಮರೆಯಲ್ಲಿರುವ ಗ್ರಂಥಿಯ ಕ್ಯಾನ್ಸರನ್ನು ಕಾಣುವುದು ಹೇಗೆ?

ಪ್ಯಾಂಕ್ರಿಯಾಸ್ ಎಂದೊಡನೆ ನಮಗೆ ನೆನಪಾಗುವುದು ಇನ್ಸುಲಿನ್. ಆಹಾರ ಜೀರ್ಣಿಸುವ ಕಿಣ್ವಗಳನ್ನು ಸ್ರವಿಸುವುದೂ ಇದೇ ಗ್ರಂಥಿ ಎಂದು ಜೀವಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಕನ್ನಡದಲ್ಲಿ ಮೇದೋಜೀರಕ ಗ್ರಂಥಿ ಎಂದು ಕರೆಯುವ, ಸುಮಾರು 15 ಸೆಂ.ಮೀ. ಉದ್ದದ ಈ ಅಂಗ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಇದೆ. ಇಲ್ಲಿ ಹುಟ್ಟುವ ಕ್ಯಾನ್ಸರ್ ಮಾರಕವಾಗಲು ಅದರ ಈ ಜಾಗವೂ ಒಂದು ಕಾರಣ. ಗಡ್ಡೆ ಚಿಕ್ಕದಿರುವಾಗ ಹೊಟ್ಟೆ ಒತ್ತಿ ನೋಡಿದರೆ ಸಿಗುವುದಿಲ್ಲ, ನೋವೂ ಸಾಮಾನ್ಯವಾಗಿ ಇರುವುದಿಲ್ಲ.

ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ 2019ರಲ್ಲಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಅಮೆರಿಕದ ಅಂಕಿಅಂಶಗಳ ಪ್ರಕಾರ, ರೋಗ ಪತ್ತೆಯಾಗಿ ಐದು ವರ್ಷ ಬದುಕುವವರು 100ರಲ್ಲಿ ಸುಮಾರು 13 ಮಂದಿ. ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಅವಕಾಶ ಉಳಿದಿರುವುದು ಹೆಚ್ಚೆಂದರೆ ಐವರಲ್ಲಿ ಒಬ್ಬರಿಗೆ.

ರಕ್ತಪರೀಕ್ಷೆಯಲ್ಲೇ ಇದು ತಿಳಿಯುವುದಿಲ್ಲವೇ? ಸಿಎ 19-9 ಎಂಬ ಪರೀಕ್ಷೆಯೊಂದಿದೆ. ಆದರೆ ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದರೂ ಅದರ ಪ್ರಮಾಣ ಏರುತ್ತದೆ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಆ ವಸ್ತು ತಯಾರಾಗುವುದಿಲ್ಲ. ಆದ್ದರಿಂದ ಅದೊಂದನ್ನೇ ನಂಬುವಂತಿಲ್ಲ.

ಹೆಚ್ಚು ನೆರವಾಗುವುದು ಸಿ.ಟಿ. ಸ್ಕ್ಯಾನ್. ರಕ್ತನಾಳಕ್ಕೆ ಅಯೋಡಿನ್ ಇರುವ ದ್ರವವನ್ನು ಚುಚ್ಚಿ, ಸುಮಾರು 40-45 ಸೆಕೆಂಡುಗಳ ನಂತರ ಚಿತ್ರ ತೆಗೆಯುತ್ತಾರೆ. ಆಗ ರಕ್ತಸಂಚಾರ ಚೆನ್ನಾಗಿರುವ ಗ್ರಂಥಿ ಬೆಳ್ಳಗೆ ಕಾಣುತ್ತದೆ, ರಕ್ತ ಕಡಿಮೆ ಹರಿಯುವ ಗಡ್ಡೆ ಕಪ್ಪಾಗಿ ಉಳಿಯುತ್ತದೆ. ಇದರಲ್ಲೂ ಕಾಣದ ಸಣ್ಣ ಗಡ್ಡೆಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ. ಶಬ್ದತರಂಗ ಹೊಮ್ಮಿಸುವ ಉಪಕರಣವನ್ನು ಬಾಯಿಯ ಮೂಲಕ ಜಠರಕ್ಕೆ ಇಳಿಸುತ್ತಾರೆ. ಅಲ್ಲಿಂದ ಗ್ರಂಥಿಗೆ ಗೋಡೆಯಷ್ಟೇ ಅಡ್ಡ. ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೂ ಕಳುಹಿಸಬಹುದು.

ಗಡ್ಡೆ ಸಿಕ್ಕಮೇಲೂ ಕಾಣುವ ಸಮಸ್ಯೆ ಮುಗಿಯುವುದಿಲ್ಲ. ಈ ಕ್ಯಾನ್ಸರ್ ತನ್ನ ಸುತ್ತ ಗಾಯದ ಕಲೆಯಂಥ ಗಟ್ಟಿ ನಾರಿನ ಅಂಗಾಂಶವನ್ನು ಬೆಳೆಸಿಕೊಳ್ಳುತ್ತದೆ. ಉರಿಯೂತವಾದ ಭಾಗವೂ ಹಾಗೆಯೇ ಗಟ್ಟಿ. ಪಕ್ಕದಲ್ಲೇ ಕರುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಕ್ಯಾನ್ಸರ್ ಎಲ್ಲಿ ಮುಗಿಯಿತು ಎಂದು ಕಣ್ಣು, ಬೆರಳುಗಳಿಂದಲೇ ತೀರ್ಮಾನಿಸುವುದು ಕಷ್ಟ. ಸ್ವಲ್ಪ ಉಳಿದರೂ ಅದು ಮತ್ತೆ ಬೆಳೆಯಬಹುದು.

ಇದಕ್ಕೆ ಸಂಶೋಧಕರು ಹುಡುಕುತ್ತಿರುವ ಒಂದು ದಾರಿ, ಗಡ್ಡೆಯನ್ನೇ ಹೊಳೆಯುವಂತೆ ಮಾಡುವುದು. ಕ್ಯಾನ್ಸರ್ ಕೋಶಕ್ಕೆ ಅಂಟುವ ಪ್ರತಿಕಾಯಕ್ಕೆ ಬಣ್ಣದ ಅಣುವೊಂದನ್ನು ಜೋಡಿಸಿ ಶಸ್ತ್ರಚಿಕಿತ್ಸೆಗೆ ಮೊದಲೇ ರಕ್ತಕ್ಕೆ ಕೊಡುತ್ತಾರೆ. ಆ ಅಣು ಅವಕೆಂಪಿಗೆ ಹತ್ತಿರದ ಬೆಳಕನ್ನು ಹೊಮ್ಮಿಸುತ್ತದೆ. ರಕ್ತ ಮತ್ತು ನೀರು ಈ ಬೆಳಕನ್ನು ಕಡಿಮೆ ಹೀರುವುದರಿಂದ ಅದು ಅಂಗಾಂಶದೊಳಗಿಂದ ಹೊರಬರಬಲ್ಲದು. ನಮ್ಮ ಕಣ್ಣಿಗೆ ಕಾಣದಿದ್ದರೂ ವಿಶೇಷ ಕ್ಯಾಮೆರಾ ಅದನ್ನು ಪರದೆಯ ಮೇಲೆ ತೋರಿಸುತ್ತದೆ. ಇಂಥದೇ ತತ್ವದ ಒಂದು ಔಷಧಿಗೆ ಅಮೆರಿಕದಲ್ಲಿ 2021ರಲ್ಲಿ ಅಂಡಾಶಯದ, 2022ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದೆ. ಮೇದೋಜೀರಕದಲ್ಲಿ ಕೆಲಸ ಕಠಿಣ: ನಾರಿನ ಗೋಡೆ ಬಣ್ಣವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಉರಿಯೂತದ ಭಾಗವೂ ಕೆಲವೊಮ್ಮೆ ಹೊಳೆಯುತ್ತದೆ. ಪ್ರತಿಕಾಯ ಜೀವಶಾಸ್ತ್ರ, ಬಣ್ಣ ರಸಾಯನಶಾಸ್ತ್ರ, ಕ್ಯಾಮೆರಾ ಭೌತಶಾಸ್ತ್ರ. ಮೂರೂ ಕೂಡಿದರಷ್ಟೇ ಇದಕ್ಕೆ ಉತ್ತರ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಮನೆಯ ಹಿರಿಯರಿಗೆ ನೋವಿಲ್ಲದೆ ಕಣ್ಣು ಹಳದಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಅದರ ಜೊತೆಗೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡರೆ, ಕಾಮಾಲೆಗೆ ನಾಟಿ ಮದ್ದು ಕೊಡಿಸುತ್ತಾ ವಾರಗಳನ್ನು ಕಳೆಯಬೇಡಿ. ಎಲ್ಲವೂ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಆಗಿದ್ದರೆ, ಆ ಕೆಲವು ವಾರಗಳೇ ಶಸ್ತ್ರಚಿಕಿತ್ಸೆಗೆ ಉಳಿದಿದ್ದ ಅವಕಾಶವಾಗಿರಬಹುದು.