ಕೂಸು ಮುಖ ತಿರುಗಿಸಿದಾಗ ನರ್ಸ್ ಕಾಣುವುದೇನು?

ಹಾಲು ಕುಡಿಯುತ್ತಿದ್ದ ಮೂರು ತಿಂಗಳ ಕೂಸು ತಟ್ಟನೆ ಮುಖ ಆಚೆ ತಿರುಗಿಸುತ್ತದೆ. ಅಮ್ಮ ತುಸು ಹೊತ್ತು ಸುಮ್ಮನಿದ್ದರೆ ತಾನಾಗಿಯೇ ಅವಳತ್ತ ತಿರುಗಲೂಬಹುದು. ಆದರೆ ‘ಇವನಿಗೆ ನಾನು ಬೇಡ’ ಎಂದು ಅವಳು ಕುಗ್ಗಿಹೋದರೆ? ಗದ್ದ ಹಿಡಿದು ಮತ್ತೆ ಮತ್ತೆ ತನ್ನತ್ತ ಎಳೆದುಕೊಂಡರೆ? ಈ ಕೆಲವು ಕ್ಷಣಗಳನ್ನು ಗಮನಿಸಿ ಅರ್ಥ ಮಾಡಿಕೊಳ್ಳುವುದು ಮಕ್ಕಳ ಮತ್ತು ಕುಟುಂಬದ ಮಾನಸಿಕ ಆರೋಗ್ಯ ನೋಡಿಕೊಳ್ಳುವ ನರ್ಸ್‌ಗಳ ಮುಖ್ಯ ಕಲಿಕೆ.

ಇದನ್ನು ಶಿಸ್ತಾದ ಪಾಠವಾಗಿಸಿದವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಕ್ಯಾಥರಿನ್ ಬರ್ನಾರ್ಡ್. 1970ರ ದಶಕದಲ್ಲಿ ಅವರು ರೂಪಿಸಿದ ತರಬೇತಿ ದೂರದ ಊರುಗಳ ನರ್ಸ್‌ಗಳಿಗೆ ಸಂಪರ್ಕ ಉಪಗ್ರಹದ ಮೂಲಕ ತಲುಪಿತು. ಹಾಲುಣಿಸುವ ಹೊತ್ತಿನಲ್ಲಿ ಗಮನಿಸಬೇಕಾದ 76 ಅಂಶಗಳ ಪಟ್ಟಿ ಅವರದು. ತಾಯಿ ಮಗುವಿನ ಸೂಚನೆ ಗುರುತಿಸುತ್ತಾಳೆಯೇ, ಅತ್ತರೆ ಏನು ಮಾಡುತ್ತಾಳೆ ಎಂಬುದರ ಜೊತೆಗೆ ಮಗುವಿನ ಸೂಚನೆಗಳು ಎಷ್ಟು ಸ್ಪಷ್ಟ ಎಂಬುದೂ ಅದರಲ್ಲಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಸೂಚನೆಗಳು ಮಂಕಾಗಿರಬಹುದು. ಅದು ತಾಯಿಯ ತಪ್ಪಲ್ಲ. ಬರ್ನಾರ್ಡ್ ಅವರ ದೊಡ್ಡ ಕೊಡುಗೆ ಇದೇ: ದೋಷವನ್ನು ಒಬ್ಬರ ತಲೆಗೆ ಕಟ್ಟದೆ, ಇಬ್ಬರ ನಡುವೆ ನಡೆಯುವುದನ್ನು ನೋಡುವುದು.

ಇಷ್ಟಕ್ಕೆ ನರ್ಸೇ ಬೇಕೆ, ಒಳ್ಳೆಯ ಮನಸ್ಸಿನ ಯಾರಾದರೂ ಸಾಲದೆ?

ಅಮೆರಿಕದ ಸಂಶೋಧಕ ಡೇವಿಡ್ ಓಲ್ಡ್ಸ್ ಈ ಪ್ರಶ್ನೆಯನ್ನು ಪರೀಕ್ಷೆಗೇ ಒಡ್ಡಿದರು. ಬಸುರಿನಿಂದ ಮಗುವಿನ ಎರಡನೆಯ ಹುಟ್ಟುಹಬ್ಬದವರೆಗೆ ನರ್ಸ್ ಮನೆಗೆ ಬರುವ ಅವರ ಯೋಜನೆ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 400 ಗರ್ಭಿಣಿಯರೊಂದಿಗೆ ಶುರುವಾಗಿತ್ತು. ಮುಂದೆ ಡೆನ್ವರ್‌ನಲ್ಲಿ 735 ತಾಯಂದಿರ ಪೈಕಿ ಕೆಲವರ ಮನೆಗೆ ನರ್ಸ್‌ಗಳು, ಕೆಲವರ ಮನೆಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಹೋದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಕಾರ್ಯಕರ್ತೆಯರ ಭೇಟಿಯ ಪರಿಣಾಮ ಬಹುತೇಕ ನರ್ಸ್‌ಗಳದ್ದರ ಅರ್ಧದಷ್ಟಿತ್ತು. ಆದರೆ ಇದೇ ಯೋಜನೆ ಇಂಗ್ಲೆಂಡಿನ 1,645 ಎಳೆಯ ತಾಯಂದಿರಲ್ಲಿ ಮುಖ್ಯ ಗುರಿಗಳನ್ನು ಮುಟ್ಟಲಿಲ್ಲ ಎಂದು 2016ರ ವರದಿ ಹೇಳಿತು. ಅಲ್ಲಿ ಸೂಲಗಿತ್ತಿ ನರ್ಸ್‌ಗಳ ಸೇವೆ ಎಲ್ಲರಿಗೂ ಮೊದಲೇ ಸಿಗುತ್ತಿತ್ತು. ಹೆಚ್ಚಿನ ತರಬೇತಿಯ ಫಲ ಎಲ್ಲ ಕಡೆಯೂ ಒಂದೇ ಅಲ್ಲ. ಸೇವೆಯ ಕೊರತೆ ಇರುವಲ್ಲಿ ಅದು ಹೆಚ್ಚು ಎದ್ದು ಕಾಣುತ್ತದೆ ಎನ್ನಬಹುದು.

ಇನ್ನು ನಮ್ಮಲ್ಲಿ ನೋಡಿದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಐದು ಹಾಸಿಗೆಗಳ ತಾಯಿ-ಮಗು ಮನೋಚಿಕಿತ್ಸಾ ಘಟಕ ತೆರೆಯಿತು. ಇಲ್ಲಿ ತಾಯಿಯನ್ನು ಕೂಸಿನಿಂದ ಅಗಲಿಸದೆ ಚಿಕಿತ್ಸೆ ಕೊಡುತ್ತಾರೆ. ಮನೆಯ ಹೆಂಗಸೊಬ್ಬರು ಜೊತೆಗಿರುತ್ತಾರೆ. ನಮ್ಮವರು ಬಾಣಂತಿ ಸನ್ನಿ ಎನ್ನುವ ತೀವ್ರ ಮನೋರೋಗ ಸಾವಿರ ಹೆರಿಗೆಗೆ ಒಬ್ಬರಿಬ್ಬರಲ್ಲಿ ಕಾಣಿಸುತ್ತದೆ. ಇಂಥ ವಾರ್ಡಿನ ನರ್ಸ್‌ಗೆ ಎಷ್ಟೊಂದು ವಿದ್ಯೆ ಬೇಕು! ಔಷಧದ ಮಂಪರಿನಲ್ಲಿರುವ ತಾಯಿಯ ತೋಳಲ್ಲಿ ಮಗು ಸುರಕ್ಷಿತವೇ, ಆ ಔಷಧ ಎದೆಹಾಲಿಗೆ ಸೇರುತ್ತದೆಯೇ, ಸ್ನಾನ ಮಾಡಿಸುವ ಧೈರ್ಯ ಅವಳಿಗೆ ಮರಳಿದೆಯೇ ಎಂದೆಲ್ಲ ನೋಡಬೇಕು. ‘ಇವಳಿಗೆ ಗಾಳಿ ಸೋಕಿದೆ’ ಎನ್ನುವ ಅತ್ತೆಯನ್ನು ಗದರದೆ, ಅವರನ್ನೂ ಆರೈಕೆಯ ಭಾಗವಾಗಿಸಿಕೊಳ್ಳಬೇಕು. ಕೊನೆಯದು ಪುಸ್ತಕದಿಂದ ಬರುವಂಥದ್ದಲ್ಲ. ನುರಿತ ಹಿರಿಯ ನರ್ಸ್ ಜೊತೆ ನಿಂತು, ಆಮೇಲೆ ಕೂತು ಮಾತಾಡಿ ಕಲಿಯಬೇಕಾದದ್ದು. ಓಲ್ಡ್ಸ್ ಯೋಜನೆಯಲ್ಲೂ ಮೇಲ್ವಿಚಾರಕಿಯೊಂದಿಗೆ ವಾರವಾರ ಇಂಥ ಮಾತುಕತೆ ಕಡ್ಡಾಯ.

ಭಾರತದಲ್ಲಿ ಮನೋರೋಗ ಶುಶ್ರೂಷೆಗೆ ಒಂದು ವರ್ಷದ ಡಿಪ್ಲೊಮಾ ಇದೆ, ಎರಡು ವರ್ಷದ ಎಂ.ಎಸ್ಸಿ. ಇದೆ. ಮಗು ಮತ್ತು ಕುಟುಂಬ ಅವುಗಳ ಒಂದು ಭಾಗ ಮಾತ್ರ. ಇತ್ತ ಬಾಣಂತಿ ಸನ್ನಿ ಹೆಚ್ಚಾಗಿ ತಲೆದೋರುವುದು ಹೆರಿಗೆಯ ನಂತರದ ಮೊದಲ ಎರಡು ವಾರಗಳಲ್ಲಿ. ಆಶಾ ಕಾರ್ಯಕರ್ತೆ 3, 7, 14ನೆಯ ದಿನ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ ನೋಡುತ್ತಾರೆ. ಅದೇ ಭೇಟಿಯಲ್ಲಿ ‘ರಾತ್ರಿ ನಿದ್ದೆ ಬರುತ್ತಾ, ಮಗು ಎತ್ತಿಕೊಳ್ಳೋಕೆ ಭಯ ಆಗುತ್ತಾ’ ಎಂದು ಕೇಳಲು ಅವರಿಗೆ ಕಲಿಸುವ, ಅನುಮಾನ ಬಂದರೆ ಫೋನಿಗೆ ಸಿಗುವ ತಜ್ಞ ನರ್ಸ್ ತಾಲ್ಲೂಕು ಆಸ್ಪತ್ರೆಗೊಬ್ಬರಾದರೂ ಇರಲೇಬೇಕು.